ಅಳತೆ ರವಿಕೆ

ನಾನು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಾಗ ಕಡ್ಡಿಯ ಹಾಗಿದ್ದೆನಂತೆ. ಅಂತೆಯೇನು, ಇದ್ದೆ. ಆಗಿನ ರವಿಕೆಗಳು ಇನ್ನೂ ಟ್ರಂಕಿನ ತಳದಲ್ಲಿ ಸಾಕ್ಷಿಗೆ ಬಿದ್ದಿದ್ದವು. ನಮ್ಮ ಅತ್ತೆ ಚನ್ನಾಜಮ್ಮ ನನ್ನನ್ನು ಮನೆ ತುಂಬಿಸಿಕೊಂಡ ದಿನವೇ ಟೊಂಕ ಕಟ್ಟಿ ನಿಂತರು. ಬೆಳಗ್ಗೆ ಕೆನೆ ಕಟ್ಟಿದ ಹಾಲು, ಮಧ್ಯಾಹ್ನ ಮುದ್ದೆಯ ನಡುವೆ ಗುಳಿ ಮಾಡಿ ಅದರ ತುಂಬ ತುಪ್ಪ, ಹಬ್ಬ ಬಂದರೆ ಒಬ್ಬಟ್ಟು, ಹಬ್ಬ ಬರದಿದ್ದರೆ ಕಜ್ಜಾಯ. ಬೇಡವೆಂದರೆ ಕೇಳುವ ಜನವಲ್ಲ. ಎರಡು ಮಕ್ಕಳಾಗುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತರೆ ನಡುಮನೆ ಕತ್ತಲಾಗುತ್ತಿತ್ತು.

ಅತ್ತೆಗೆ ಅದೇ ದೊಡ್ಡ ಹೆಮ್ಮೆ. ಬಂದ ನೆಂಟರ ಮುಂದೆಲ್ಲ ನನ್ನನ್ನು ಕರೆಸಿ ನಿಲ್ಲಿಸಿಕೊಳ್ಳುವರು.

"ಯಳಂದೂರಿಂದ ಕರ್ಕಂಡ್ ಬಂದಾಗ ನಮ್ ಸುವರ್ಣಿ ಇಂಗಿದ್ಲು ಕಣ್ರಿ," ಎಂದು ಕಿರುಬೆರಳು ಎತ್ತಿ ತೋರಿಸುವರು. "ಈಗ ನೋಡಿ. ಸುಮ್ಕೆ ಆಯ್ತಾ?"

ನೆಂಟರು ನೋಡುವರು. ನೋಡದೆ ಇರಲು ಸಾಧ್ಯವೂ ಇರಲಿಲ್ಲ.

ನಮ್ಮ ಕಡೆ ಸೊಸೆಯ ಮೈ ಎಂದರೆ ಅತ್ತೆಯ ಮರ್ಯಾದೆ. ತವರಿಗೆ ಹೋದ ಹೆಣ್ಣಿನ ತೋಳನ್ನು ತಾಯಿ ಮೊದಲು ಮುಟ್ಟಿ ನೋಡುತ್ತಾಳೆ. ಕ್ಷೇಮಸಮಾಚಾರ ಕೇಳುವುದು ಆಮೇಲೆ. ತೋಳು ತುಂಬಿದ್ದರೆ ಗಂಡನ ಮನೆ ಒಳ್ಳೆಯದು, ಸೊರಗಿದ್ದರೆ ಕೆಟ್ಟದ್ದು. ನಮ್ಮವ್ವ ವೀರಮ್ಮ ನಾನು ಯಳಂದೂರಿಗೆ ಹೋದಾಗಲೆಲ್ಲ ನನ್ನ ತೋಳು ಹಿಸುಕಿ ತೃಪ್ತಿಯಿಂದ ಹೂಂಗುಟ್ಟುತ್ತಿದ್ದಳು. ಹೀಗೆ ಎರಡು ಮನೆಯವರೂ ಸುಖವಾಗಿದ್ದರು. ಸುಖವಿಲ್ಲದಿದ್ದದ್ದು ನನ್ನ ಮಂಡಿಗಳಿಗೆ ಮಾತ್ರ.

ಅರವತ್ತೇಳನೇ ಇಸವಿಯ ಯುಗಾದಿ ಕಳೆದ ಮೇಲೆ ಅವು ಮುಷ್ಕರ ಹೂಡಿದವು. ಅಟ್ಟ ಹತ್ತುವುದಿರಲಿ, ಒಲೆಯ ಮುಂದೆ ಕೂತರೆ ಏಳಲು ಗೋಡೆ ಬೇಕಾಯಿತು. ಅತ್ತೆಯೇ ನನ್ನನ್ನು ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದರು. ಆಕೆ ಈರೋಡಿನ ಕಡೆಯವರು, ಕನ್ನಡಕ್ಕೆ ಅರ್ಧಕ್ಕರ್ಧ ತಮಿಳು ಬೆರೆಸಿ ಮಾತಾಡುವವರು. ನನ್ನ ಮಂಡಿಯನ್ನು ಒತ್ತಿ ನೋಡಿ, ಒಂದು ಸಲ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಮುಳಂಗಾಲಲ್ಲಿ ಏನೂ ಇಲ್ಲಮ್ಮಾ. ಮೇಲೆ ಇರೋ ಭಾರ ಕಮ್ಮಿ ಪಣ್ಣಬೇಕು. ತುಪ್ಪ ವೇಂಡಾ, ಸಕ್ಕರೆ ವೇಂಡಾ. ದಿನಾ ನಡೀರಿ."

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿ ಹತ್ತು ವರ್ಷ ದಾಟಿತ್ತು. ಆದರೂ ವೇಂಡಾ ಎಂದರೆ ಬೇಡ ಎಂದು ಊರಿನ ಕರುಗಳಿಗೂ ಗೊತ್ತಿತ್ತು. ಅತ್ತೆಗೆ ಮಾತ್ರ ಆವತ್ತು ತಮಿಳು ಮರೆತುಹೋಯಿತು. ದಾರಿಯುದ್ದಕ್ಕೂ "ಏನೋ ಅಂದ್ರು, ಸರಿಯಾಗಿ ತಿಳೀನಿಲ್ಲ" ಎನ್ನುತ್ತಾ ಬಂದು, ಮಧ್ಯಾಹ್ನ ಎಂದಿನಂತೆ ತುಪ್ಪದ ಗಿಂಡಿ ಎತ್ತಿದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಮದುವೆಯಾದಂದಿನಿಂದ ಅವರಿಗೆ ನಾನು ಅಡ್ಡ ಹಿಡಿದದ್ದು ಅದೇ ಮೊದಲು. ಅವರು ಮೂರು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ನಮಗೆ ಮುಡಿಗುಂಡದ ದಾರಿಯಲ್ಲಿ ಹಿಪ್ಪುನೇರಳೆ ತೋಟವಿತ್ತು, ಹಿತ್ತಿಲಲ್ಲಿ ರೇಷ್ಮೆ ಹುಳದ ಮನೆ. ತೋಟದಿಂದ ಸೊಪ್ಪು ತರುವ ಹೆಂಗಸರ ಜೊತೆ ನಾನೂ ಬಿದಿರಿನ ಮಂಕರಿ ಹಿಡಿದು ಹೊರಟೆ. ಮೊದಮೊದಲು ಸಿಕ್ಕಿದ ಮರದಡಿಯಲ್ಲೆಲ್ಲ ಕೂರುತ್ತಿದ್ದೆ. ಅವರು ನನ್ನನ್ನು ಮೈಲಿಗಲ್ಲು ಎಂದು ಕರೆದು ನಗುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಮಂಕರಿಯ ತುಂಬ ಸೊಪ್ಪು ಹೊತ್ತು ಅವರಿಗಿಂತ ಮುಂದೆ ನಡೆಯುತ್ತಿದ್ದೆ. ಊಟಕ್ಕೆ ಚಿಕ್ಕ ಮುದ್ದೆ, ಸೊಪ್ಪಿನ ಉಪ್ಸಾರು. ಮಂಡಿ ತೆಪ್ಪಗಾಯಿತು. ಒಂದು ದಿನ ಹುಣಸೆಹಣ್ಣು ತರಲು ಅಟ್ಟ ಹತ್ತಿ ಇಳಿದ ಮೇಲೆ, ನಾನು ಗೋಡೆಯನ್ನೇ ಹಿಡಿದಿರಲಿಲ್ಲ ಎಂದು ನೆನಪಾಯಿತು. ಖುಷಿ ತಡೆಯಲಾರದೆ ಸುಮ್ಮಸುಮ್ಮನೆ ಇನ್ನೊಂದು ಸಲ ಹತ್ತಿದೆ.

ಕಷ್ಟ ಶುರುವಾದದ್ದು ರವಿಕೆಯಿಂದ. ಸೀರೆಗೆ ಏನೂ ತೊಂದರೆಯಿಲ್ಲ, ಮೈ ಇಳಿದರೆ ನೆರಿಗೆ ಹೆಚ್ಚುತ್ತದೆ, ಅಷ್ಟೆ. ಲಂಗಕ್ಕೆ ಲಾಡಿ ಇದೆ. ಅತ್ತೆಯಂಥ ಹಿರಿಯರು ತೊಡುತ್ತಿದ್ದದ್ದು ಮುಂದೆ ಗಂಟು ಹಾಕುವ ಕುಪ್ಪಸ, ಸಡಿಲವಾದರೆ ಎಳೆದು ಬಿಗಿದರಾಯಿತು. ಹುಕ್ಕಿನ ರವಿಕೆ ತೊಡುವ ನಮ್ಮ ತಲೆಮಾರಿಗೇ ಈ ಪಜೀತಿ. ಕೈ ಎತ್ತಿದರೆ ಕೈ ಮಾತ್ರ ಮೇಲೆ ಹೋಗುತ್ತಿತ್ತು, ರವಿಕೆ ಇದ್ದಲ್ಲೇ ಇರುತ್ತಿತ್ತು. ಭುಜ ಜಾರುವುದು, ಬೆನ್ನು ಉಬ್ಬುವುದು, ತೋಳಿನೊಳಗೆ ಗಾಳಿ ಆಡುವುದು. ಮೈ ಹಗುರವಾಗಿ ಕುಣಿಯಬೇಕು ಎನ್ನಿಸಿದಾಗಲೆಲ್ಲ ಕನ್ನಡಿಯಲ್ಲಿ ಯಾರೋ ಕಾಯಿಲೆಯಿಂದ ಎದ್ದು ಬಂದವಳು ಕಾಣುತ್ತಿದ್ದಳು.

ರೇಷ್ಮೆ ಹುಳ ತಿಂದು ತಿಂದು ಚರ್ಮ ಬಿಗಿಯಾದಾಗ ಮೇವು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರ ಬಿಟ್ಟು ಎದ್ದಾಗ ಹಳೆಯ ಚರ್ಮ ಕಳಚಿ ಬಿದ್ದಿರುತ್ತದೆ, ಮೈಗೆ ಸರಿಯಾದ ಹೊಸದು ಬಂದಿರುತ್ತದೆ. ತಟ್ಟೆಗೆ ಸೊಪ್ಪು ಹಾಕುತ್ತಾ ನಾನು ಆ ಹುಳಗಳನ್ನು ಕಂಡು ಹೊಟ್ಟೆ ಉರಿದುಕೊಂಡೆ. ಅವಕ್ಕೆ ಟೈಲರ್ ಪುಟ್ಟಸಿದ್ದಯ್ಯನ ಹಂಗಿರಲಿಲ್ಲ.

ಈ ಪುಟ್ಟಸಿದ್ದಯ್ಯ ಕೊಯಮತ್ತೂರಿನಲ್ಲಿ ಕಟಿಂಗ್ ಕಲಿತು ಬಂದವನು. ಊರು ಜಿಲ್ಲೆ ಬದಲಿಸಿದರೂ ಅವನು ತಮಿಳು ಬೋರ್ಡು ಬದಲಿಸಿರಲಿಲ್ಲ. ಆಗೆಲ್ಲ ಮರ್ಯಾದಸ್ತ ಮನೆಯ ಹೆಂಗಸರ ಮೈಮೇಲೆ ಟೇಪು ಇಡುವ ಪದ್ಧತಿ ಇರಲಿಲ್ಲ. ಸರಿಯಾಗಿ ಕೂರುವ ಒಂದು ರವಿಕೆಯನ್ನು ಕಳಿಸಿದರೆ ಅದನ್ನು ಇಟ್ಟುಕೊಂಡು ಹೊಸದನ್ನು ಕತ್ತರಿಸುತ್ತಿದ್ದರು. ಅದೇ ಅಳತೆ ರವಿಕೆ. ಪುಟ್ಟಸಿದ್ದಯ್ಯನ ಗೋಡೆಯಲ್ಲಿ ಮನೆಗೊಂದು ಮೊಳೆ, ಮೊಳೆಗೆ ಆ ಮನೆಯ ಹೆಂಗಸರ ಅಳತೆ ರವಿಕೆಗಳು. ನಮ್ಮ ಮನೆಯ ಮೊಳೆಯಲ್ಲಿ ನನ್ನದೊಂದು ನೀಲಿಯದು ವರ್ಷಗಳಿಂದ ನೇತಾಡುತ್ತಿತ್ತು. ದೀಪಾವಳಿಗೆ ಅತ್ತೆ ಬಟ್ಟೆ ಕಳಿಸಿದರು, ಹೊಸ ರವಿಕೆಗಳು ಬಂದವು. ಎಲ್ಲವೂ ಆ ನೀಲಿಯ ತದ್ರೂಪು. ಒಂದೊಂದರಲ್ಲೂ ನಾನೂ ನನ್ನ ಮಂಕರಿಯೂ ಹಿಡಿಸುವಂತಿದ್ದೆವು.

ಹೊತ್ತುಕೊಂಡು ಅವನ ಅಂಗಡಿಗೆ ಹೋದೆ.

"ಪುಟ್ಟಸಿದ್ದಯ್ಯ, ಇವು ನಂಗೆ ದೊಡ್ಡವು."

"ಅಳ್ತೆ ರವಿಕೆಗೂ ಇದ್ಕೂ ಒಂದ್ ನೂಲ್ ಯತ್ವಾಸ ಇಲ್ಲ ಕಣ್ರವ್ವ," ಅಂದ ಅವನು, ನೀಲಿಯನ್ನು ಇಳಿಸಿ ಹೊಸದರ ಮೇಲೆ ಹಾಸಿ. "ಬೇಕಾರೆ ನೋಡಿ."

"ಅಳ್ತೆ ರವಿಕೆನೇ ದೊಡ್ದಾಗದೆ."

"ಅಂಗಾರೆ ಸರಿಯಾಗ್ ಕೂರೋ ರವಿಕೆ ಒಂದ್ ತಕಂಡ್ ಬನ್ನಿ. ಅದರಂಗೇ ಒಲ್ಕೊಡ್ತೀನಿ."

"ಸರಿಯಾಗ್ ಕೂರೋ ರವಿಕೆ ಇದ್ದಿದ್ರೆ ನಿಮ್ಮತ್ರ ಯಾಕ್ ಬರ್ತಿದ್ದೆ?"

"ಅದಿಲ್ದೆ ನಾನ್ ಎಂಗ್ ಒಲೀಲವ್ವ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತೆವು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮನೆಗೆ ಬಂದು ಟ್ರಂಕು ಬುಡಮೇಲು ಮಾಡಿದೆ. ಮದುವೆಯ ಹೊಸತರ ರವಿಕೆಗಳು ಮೊಣಕೈ ದಾಟಲಿಲ್ಲ. ಕಡ್ಡಿಯಂಥವಳಿಗೂ ಬಟ್ಟೆ ಇದೆ, ಕಣಜದಂಥವಳಿಗೂ ಇದೆ, ನಡುವಿನವಳಿಗೆ ಒಂದೂ ಇಲ್ಲ. ಇರುವುದನ್ನಾದರೂ ಹಿಡಿಸಿ ಹೊಲಿಯೋಣವೆಂದು ಕತ್ತರಿ ಎತ್ತಿದರೆ ಅತ್ತೆ ಬಂದು ಕಿತ್ತುಕೊಂಡರು.

"ಒಳ್ಳೇ ಬಟ್ಟೆ ಕತ್ರಿಸ್ಬೇಡ. ನಾಳೆ ಮೈ ತುಂಬ್ಕಂಡಾಗ ಏನ್ ಆಕ್ಕತೀಯ?"

ನನ್ನ ಮೈ ಎಲ್ಲೋ ಊರಿಗೆ ಹೋಗಿದೆ, ನಾಳೆಯ ಬಸ್ಸಿಗೆ ಬಂದೇ ಬರುತ್ತದೆ ಎಂಬ ಹಾಗೆ ಅವರ ಮಾತು.

ಕಾರ್ತೀಕದಲ್ಲಿ ನನ್ನ ಒಬ್ಬನೇ ತಮ್ಮ ಮಾದಸ್ವಾಮಿಯ ವೀಳ್ಯಶಾಸ್ತ್ರ ಗೊತ್ತಾಯಿತು. ನಾನೂ ನಮ್ಮ ಯಜಮಾನರೂ ಯಳಂದೂರಿಗೆ ಹೋದೆವು. ಇದ್ದದ್ದರಲ್ಲಿ ಚೆನ್ನಾದ ದೀಪಾವಳಿಯ ರವಿಕೆ ತೊಟ್ಟಿದ್ದೆ. ಹೊಸ್ತಿಲು ದಾಟುವ ಮೊದಲೇ ಅವ್ವ ಬಂದು ತೋಳಿಗೆ ಕೈ ಹಾಕಿದಳು. ಅವಳ ಕೈಗೆ ಬಟ್ಟೆ ಸಿಕ್ಕಿತು. ರವಿಕೆಯ ತೋಳಿನೊಳಗೆ ಎರಡು ಬೆರಳು ತೂರಿಸಿ ನೋಡಿದಳು, ಆಮೇಲೆ ಇಡೀ ಹಸ್ತವೇ ಹೋಯಿತು. ಅವ್ವನ ಮುಖ ಸಣ್ಣದಾಯಿತು.

"ಅಯ್ಯೋ ನನ್ ಕೂಸೇ," ಎಂದು ಶುರುಮಾಡಿದಳು.

ನಮ್ಮ ಸೋದರತ್ತೆ ಪುಟ್ಟಮಲ್ಲಮ್ಮನಿಗೆ ಇಷ್ಟು ಸಾಕಾಯಿತು. "ಅನ್ನ ಆಕ್ತಾರ, ಇಲ್ಲ ಬರೀ ಗೇಯ್ಸ್ಕತಾರಾ? ಸೊಪ್ ಬ್ಯಾರೆ ಒರಸ್ತಾರಂತೆ!"

ನಾನು ಡಾಕ್ಟರಮ್ಮನ ಕತೆ ಹೇಳಿದೆ, ಮಂಡಿಯ ಕತೆ ಹೇಳಿದೆ, ಅಟ್ಟ ಹತ್ತಿ ತೋರಿಸುತ್ತೇನೆ ಅಂದೆ. ನಾನು ಚೆನ್ನಾಗಿದ್ದೇನೆ ಎಂದಷ್ಟೂ ಅವರಿಗೆ ಅಳು ಹೆಚ್ಚಾಯಿತು. "ಎಂಗ್ ಮುಚ್ಕತಾಳೆ ನೋಡು ಪಾಪ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಮ್ಮ ಯಜಮಾನರು ಜಗುಲಿಯಲ್ಲಿ ಕಳ್ಳನ ಹಾಗೆ ಕೂತಿದ್ದರು. ಅವರಿಗೆ ಕಾಫಿಯನ್ನೂ ಯಾರೂ ನಗುತ್ತಾ ಕೊಡಲಿಲ್ಲ.

ಮಾಂಬಳ್ಳಿ ದಾಟಿ ನಮ್ಮ ಬಸ್ಸು ಕೊಳ್ಳೇಗಾಲ ಮುಟ್ಟುವ ಮೊದಲೇ ಮುಂಚಿನ ಬಸ್ಸಿನಲ್ಲಿ ಬಂದವರ ಬಾಯಲ್ಲಿ ಮಾತು ಮುಟ್ಟಿತ್ತು. ಅತ್ತೆ ನಡುಮನೆಯಲ್ಲಿ ನಿಂತೇ ಇದ್ದರು.

"ಅನ್ನ ಆಕ್ದೆ ಇರೋಳು ನಾನಾ? ನಾನಾ?" ಅಂದರು. ದನಿ ಏರಿಸಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು. "ಆ ಮದ್ವೆ ಚಪ್ರಕ್ಕೆ ನಾನ್ ಕಾಲಿಕ್ಕಲ್ಲ. ನೀನೂ ಇಂಗೇ ಓಗಿ ನಿಂತು ನನ್ ಮಾನ ಕಳೀಬ್ಯಾಡ. ಮೈ ತುಂಬ್ಕಂಡ್ರೆ ಓಗು, ಇಲ್ದಿದ್ರೆ ಬ್ಯಾಡ."

ಮದುವೆ ಮಾಘದಲ್ಲಿ. ತಮ್ಮನಾದವನು ಹೊಸ ಹೆಂಡತಿಯನ್ನು ಕರೆದುಕೊಂಡು ಮನೆಯೊಳಗೆ ಬರುವಾಗ ಅಕ್ಕ ಬಾಗಿಲು ತಡೆಯಬೇಕು. ನಿನಗೆ ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡುತ್ತೀಯಾ ಎಂದು ಕೇಳಿ ಮಾತು ತೆಗೆದುಕೊಂಡೇ ಒಳಗೆ ಬಿಡಬೇಕು. ಅವನು ತೊಟ್ಟಿಲಲ್ಲಿದ್ದಾಗಿನಿಂದ ನಾನು ಕಾದಿದ್ದ ಶಾಸ್ತ್ರ ಅದು. ಆ ಬಾಗಿಲಲ್ಲಿ ಇನ್ನು ಯಾರೋ ದಾಯಾದಿ ಅಕ್ಕ ನಿಲ್ಲುತ್ತಾಳೆ ಎಂದು ನೆನೆದು ರಾತ್ರಿ ಎದ್ದು ಕೂರುತ್ತಿದ್ದೆ. ಅತ್ತೆಯನ್ನು ಬಿಟ್ಟು ಹೋಗುವ ಮಾತಂತೂ ಇಲ್ಲ. ಹೋದರೆ ಪುಟ್ಟಮಲ್ಲಮ್ಮ ಆಡಿದ ಮಾತು ನಿಜವೆಂದು ನಾನೇ ಒಪ್ಪಿದ ಹಾಗೆ.

ಸರಿ, ಮೈ ತುಂಬಿಸಿಕೊಳ್ಳೋಣವೆಂದು ತಿನ್ನಲು ಕೂತೆ. ಕಜ್ಜಾಯ ಬಂತು, ತುಪ್ಪ ಬಂತು, ಕೆನೆ ಬಂತು. ಸುಳ್ಳೇಕೆ, ಸಂತೋಷವಾಗಿಯೇ ತಿಂದೆ. ಒಂದು ವಾರ ಕಳೆಯುವಷ್ಟರಲ್ಲಿ ಅಟ್ಟದ ಏಣಿಯ ನಡುವೆ ಮಂಡಿ ಹಳೆಯ ರಾಗ ತೆಗೆಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ರೇಗಿತು. ರವಿಕೆ ತುಂಬಲೆಂದು ಮೈ ಬೆಳೆಸುವವಳು ನಾನಲ್ಲ ಎಂದು ಏಣಿಯ ಮೇಲೆ ಕೂತೇ ತೀರ್ಮಾನಿಸಿದೆ. ಸರಿಯಾಗಿ ಕೂರುವ ರವಿಕೆ ಲೋಕದಲ್ಲಿ ಇಲ್ಲದಿದ್ದರೆ ಅದನ್ನು ನಾನೇ ಹುಟ್ಟಿಸಬೇಕು.

ಒಂದು ಹಳೆಯ ಕಂದು ರವಿಕೆಯನ್ನು ಬಲಿಗೆ ಆರಿಸಿದೆ. ಒಳಹೊರಗು ಮಾಡಿ ತೊಟ್ಟುಕೊಂಡು, ಹೆಚ್ಚಿನ ಬಟ್ಟೆಯನ್ನು ಹಿಡಿದು ಗುಂಡುಪಿನ್ನು ಚುಚ್ಚುವುದು ಎಂದು ಲೆಕ್ಕ. ಮುಂಭಾಗವೇನೋ ಆಯಿತು. ತನ್ನ ಕಂಕುಳಿಗೆ ತಾನೇ ಪಿನ್ನು ಚುಚ್ಚಿಕೊಳ್ಳುವ ಹೆಂಗಸು ಇನ್ನೂ ಹುಟ್ಟಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ. ಅವರು ಗಾಬರಿಯಾದರು.

"ಅಗಲೊತ್ತಲ್ಲಿ ಇದೇನಮೀ?"

"ಬಾಯ್ ಮುಚ್ಕಂಡು ಪಿನ್ ಚುಚ್ಚಿ."

ನಮ್ಮ ಯಜಮಾನರದು ರೇಷ್ಮೆ ಗೂಡಿನ ವ್ಯಾಪಾರ. ಗೂಡನ್ನು ಎರಡು ಬೆರಳಲ್ಲಿ ಒತ್ತಿ ಒಳಗೆ ನೂಲು ಎಷ್ಟಿದೆಯೆಂದು ಹೇಳುವವರು. ನನ್ನನ್ನೂ ಹಾಗೆಯೇ ಅಲ್ಲಿ ಇಲ್ಲಿ ಒತ್ತಿ, ತಲೆ ಆಡಿಸಿ, ಪಿನ್ನು ಚುಚ್ಚಿದರು, ರವಿಕೆಗೆ ಒಂದಾದರೆ ನನಗೆ ಒಂದು. ನಾನು ಕೂಗಿದರೆ ಹೊರಗಿನಿಂದ ಅತ್ತೆ "ಏನ್ರೋ ಅದು?" ಎನ್ನುವರು. "ಏನಿಲ್ಲ ಕಣವ್ವ, ಇಲಿ" ಎಂದು ಇವರು ಒಳಗಿನಿಂದ. ಕೊನೆಗೆ ದೂರ ನಿಂತು ನನ್ನನ್ನು ನೋಡಿದರು.

"ಚೆಂದಾಗ್ ಕಾಣ್ತೀಯ ಕಣಮೀ," ಅಂದರು. ಮದುವೆಯಾದ ಇಷ್ಟು ವರ್ಷದಲ್ಲಿ ಆ ಮನುಷ್ಯ ಗೂಡನ್ನು ಬಿಟ್ಟು ಇನ್ನಾವುದಕ್ಕೂ ಆ ಮಾತು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಪಿನ್ನಿದ್ದಲ್ಲೆಲ್ಲ ಕೈಹೊಲಿಗೆ ಹಾಕಿದೆ. ಮೊದಲು ಹೊಲಿದಾಗ ಒಂದು ತೋಳು ಸೊಟ್ಟ ಬಂತು, ಬಿಚ್ಚಿ ಮತ್ತೆ ಹಾಕಿದೆ. ನೋಡಲು ತೇಪೆಯ ಚೀಲ, ತೊಟ್ಟರೆ ನನ್ನ ಮೈಯೇ. ಜೊತೆಗೆ ಬಟ್ಟೆಯನ್ನೂ ಆರಿಸಿದೆ. ಎಲ್ಲ ಸೀರೆಗೂ ಒಗ್ಗುವ ಒಂದು ಕಪ್ಪು, ಒಂದು ಗಿಣಿಹಸಿರು, ಮದುವೆಗೆ ಒಂದು ಅರಿಶಿನ ಬಣ್ಣದ ರೇಷ್ಮೆ. ಹತ್ತು ಸಡಿಲ ರವಿಕೆಗಿಂತ ಸರಿಯಾದ ಮೂರು ಸಾಕು ಎಂದುಕೊಂಡೆ. ಮೈ ಮತ್ತೆ ಏರಿದರೂ ಇರಲಿ, ಒಳಗೆ ಎರಡು ಬೆರಳು ಬಟ್ಟೆ ಬಿಡಿ ಎಂದು ಹೇಳಿ ಪುಟ್ಟಸಿದ್ದಯ್ಯನಿಗೆ ಕೊಟ್ಟು ಬಂದೆ.

ಅವನು ಆ ಕಂದು ರವಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ ಸರಿ ಎಂದಿದ್ದ. ಸರಿ ಎಂದವನು ಮಾರನೆಯ ದಿನ ಬೆಳಗ್ಗೆ ನಮ್ಮ ಜಗುಲಿಯ ಮುಂದೆ ಪ್ರತ್ಯಕ್ಷನಾದ. ಒಂದು ಕೈಯಲ್ಲಿ ನೀಲಿ, ಇನ್ನೊಂದು ಕೈಯಲ್ಲಿ ಕಂದು.

"ತಾಯಿ, ಒಂದ್ ಮನೆ ಅಳ್ತೆ ಬದಲಾಯಿಸ್ಬೇಕಾದ್ರೆ ಯಜಮಾಂತಿ ಬಾಯಲ್ಲಿ ಒಂದ್ ಮಾತ್ ಬರ್ಬೇಕು," ಎಂದು ಅತ್ತೆಗೆ ಕೈ ಮುಗಿದ. "ಇದು ನಿಮ್ ಸೊಸೇದೇನಾ? ನಂಗೆ ನಂಬ್ಕೆ ಬರ್ನಿಲ್ಲ."

ನಾನು ಬಾಗಿಲ ಹಿಂದೆ ನಿಂತು ಅವನ ಕೊಯಮತ್ತೂರಿಗೆ ಶಾಪ ಹಾಕಿದೆ. ಅತ್ತೆ ಎರಡೂ ರವಿಕೆಗಳನ್ನು ತೆಗೆದುಕೊಂಡು ತೊಡೆಯ ಮೇಲೆ ಒಂದರ ಮೇಲೊಂದು ಹಾಸಿದರು. ಸುತ್ತ ನಾಲ್ಕು ಬೆರಳಿನಷ್ಟು ನೀಲಿ ಉಳಿಯಿತು. ಅವರು ಆ ಉಳಿದ ನೀಲಿಯ ಮೇಲೆ ಕೈಯಾಡಿಸುತ್ತಾ ಕೂತರು.

"ಇಷ್ಟ್ ಕಳ್ಕಂಡಿದ್ದೀಯ?" ಅಂದರು. ನಾನು ಬಾಗಿಲ ಹಿಂದಿರುವುದು ಅವರಿಗೆ ಗೊತ್ತಿತ್ತು. "ಬಾ ಇಲ್ಲಿ. ಕೂತ್ಕೊ."

ಕೂತೆ. ಬೈಯುತ್ತಾರೆಂದು ಕಾದರೆ ಅವರು ಬೇರೆ ಏನೋ ಹೇಳತೊಡಗಿದರು.

"ನಾನ್ ಸತ್ತೇಗಾಲದಿಂದ ಈ ಮನೆಗ್ ಬಂದಾಗ ನಮ್ಮತ್ತೆ ಕಣಜದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕಂಡಿರೋರು. ಎಲ್ರೂ ಉಂಡ್ ಮ್ಯಾಲೆ ಮಡಕೆ ತಳದಲ್ಲಿ ಇದ್ರೆ ಉಂಟು. ಮೊದಲ್ನೆ ಗೌರಿ ಹಬ್ಬಕ್ಕೆ ತೌರಿಗೆ ಓದ್ನಾ, ನಮ್ಮವ್ವ ತೋಳ್ ಮುಟ್ ನೋಡಿ ಅತ್ಬುಟ್ಲು. ನಂಗೇನ್ ಆಗಿಲ್ಲ ಅಂದೆ. ನೀನ್ ಅಂದ್ಯಂತಲ್ಲ, ಅಂಗೇ. ನಾನ್ ಸುಳ್ ಏಳ್ತಿದ್ದೆ. ಮುಂದಿನ್ ಗೌರಿಗೆ ನಮ್ಮವ್ವ ಇರ್ನಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಅವತ್ತೇ ಅಂದ್ಕಂಡೆ, ನನ್ ಸೊಸೆ ತೋಳ್ ಮುಟ್ಟಿ ಯಾವ್ ತಾಯೂ ಅಳಬಾರ್ದು ಅಂತ. ಈಗ ನಿಮ್ಮವ್ವ ಅತ್ಲಂತೆ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಈ ಮನೆಯಲ್ಲಿ ನಾನು ಉಂಡ ಒಂದೊಂದು ತುತ್ತು ತುಪ್ಪವೂ ಒಂದು ಕಾಲಕ್ಕೆ ಅವರಿಗೇ ಸಿಗದೆ ಹೋದದ್ದು ಎಂದು ಆಗ ತಿಳಿಯಿತು. ಅವರ ಕೈಯನ್ನು ಹಿಡಿದು ನನ್ನ ತೋಳಿನ ಮೇಲೆ ಇಟ್ಟುಕೊಂಡೆ.

"ನಾನ್ ಸುಳ್ ಏಳ್ತಿಲ್ಲ ಅತ್ಯಮ್ಮ. ಒತ್ ನೋಡಿ."

ಒತ್ತಿದರು. ಮಂಕರಿ ಹೊತ್ತ ತೋಳು, ಗಟ್ಟಿಯಾಗಿತ್ತು. ಇನ್ನೊಂದು ಸಲ ಜೋರಾಗಿ ಒತ್ತಿದರು. ನಾನು ಒಳಗೆ ಓಡಿ ಕಂದು ರವಿಕೆ ತೊಟ್ಟು ಬಂದು ಬೆಳಕಿನಲ್ಲಿ ನಿಂತೆ. ಅತ್ತೆ ಎದ್ದು ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದರು. ರವಿಕೆಯ ತೋಳಿನೊಳಗೆ ಬೆರಳು ತೂರಿಸಲು ನೋಡಿದರು.

"ಬೆರಳೇ ಓಗಲ್ವಲ್ಲೇ!" ಅಂದರು. ಹಿಂದೆ ಸರಿದು ನೋಡಿದರು, ಮತ್ತೆ ಹತ್ತಿರ ಬಂದು ನೋಡಿದರು. "ಅಲ್ಲ ಕಣೇ, ಚೆಂದಾಗೇ ಇದ್ದೀಯಲ್ಲ ನೀನು. ಆ ದೊಗಲೆ ತೊಟ್ಕಂಡ್ ಓಗಿ ನನ್ ಮಾನ ಕಳೆದ್ಯಲ್ಲ!"

ಆ ದೊಗಲೆಗಳನ್ನು ಹೊಲಿಸಿದವರು ಯಾರು, ಕತ್ತರಿ ಕಿತ್ತುಕೊಂಡವರು ಯಾರು ಎಂದು ನಾನು ಕೇಳಲಿಲ್ಲ. ಕೇಳಲು ಅವಕಾಶವೂ ಇರಲಿಲ್ಲ, ಅಷ್ಟರಲ್ಲಿ ಅತ್ತೆ ಪುಟ್ಟಸಿದ್ದಯ್ಯನ ಕಡೆ ತಿರುಗಿದ್ದರು.

"ಆ ನೀಲೀದು ಇನ್ ನಿಮ್ ಮೊಳೆ ಮ್ಯಾಲೆ ಕಾಣಬಾರ್ದು. ಈ ಅಳ್ತೆಗೇ ಒಲೀರಿ. ರೇಷ್ಮೆದಕ್ಕೆ ಮಾತ್ರ ತೋಳು ಒಂದ್ ನೂಲ್ ಬಿಗಿ ಇರ್ಲಿ." ದನಿ ತಗ್ಗಿಸಿದರು. "ಯಳಂದೂರೋರ್ ಕೈ ಆಕ್ ನೋಡ್ತಾರೆ."

ನೀಲಿ ರವಿಕೆ ಸೊಪ್ಪಿನ ಮಂಕರಿ ಹೊರಲು ನನ್ನ ತಲೆಯ ಸಿಂಬಿಯಾಯಿತು. ಕಪ್ಪು, ಹಸಿರು, ಅರಿಶಿನ ಬಂದವು. ಮೂರನ್ನೂ ಒಂದೇ ದಿನ ತೊಟ್ಟು ತೊಟ್ಟು ಬಿಚ್ಚಿದೆ. ಕನ್ನಡಿಯಲ್ಲಿದ್ದ ಕಾಯಿಲೆಯವಳು ಮನೆ ಬಿಟ್ಟು ಹೋಗಿದ್ದಳು.

ಮಾಘದಲ್ಲಿ ಅತ್ತೆ ಎಲ್ಲರಿಗಿಂತ ಮುಂದಾಗಿ ಬಸ್ಸು ಹತ್ತಿದರು. ಯಳಂದೂರಿನ ಚಪ್ಪರದ ಬಾಯಲ್ಲೇ ಅವ್ವ ಎದುರಾದಳು. ಅತ್ತೆಯ ಮುಖ ನೋಡಲು ಅವಳಿಗೆ ಮುಜುಗರ, ಅವಳ ಮುಖ ನೋಡಲು ಅತ್ತೆಗೆ ಬಿಗುಮಾನ. ನಡುವೆ ನಾನು, ಅರಿಶಿನ ಬಣ್ಣದ ರೇಷ್ಮೆಯಲ್ಲಿ. ಅವ್ವನ ಕೈ ಅಭ್ಯಾಸದಂತೆ ನನ್ನ ತೋಳಿಗೆ ಬಂತು. ರವಿಕೆಯ ಅಂಚಿನಲ್ಲಿ ಒಂದು ಬೆರಳು ಆಡಿಸಿದಳು, ತೂರಿಸಲು ನೋಡಿದಳು, ತೂರಲಿಲ್ಲ. ನನ್ನ ಉಸಿರು ನಿಂತಿತ್ತು. ಪಕ್ಕದಲ್ಲಿ ಅತ್ತೆಯದೂ ನಿಂತಿತ್ತು.

"ತುಂಬ್ಕಂಡವ್ಳೆ!" ಅಂದಳು ಅವ್ವ, ಚಪ್ಪರಕ್ಕೆಲ್ಲ ಕೇಳುವ ಹಾಗೆ. "ನೋಡಿ ಪುಟ್ಟಮಲ್ಲಮ್ಮ, ಎಂಗ್ ಮೈ ಕೈ ತುಂಬ್ಕಂಡ್ ಬಂದವ್ಳೆ ಕೂಸು!"

ವೀಳ್ಯಶಾಸ್ತ್ರದ ದಿನಕ್ಕಿಂತ ನಾನು ಇನ್ನೂ ಇಳಿದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಸೊಂಟವನ್ನು ಹಿಂದಿನಿಂದ ಚಿವುಟಿದರು.

"ಇನ್ನೇನ್ ಮತ್ತೆ," ಅಂದರು ಗಂಭೀರವಾಗಿ. "ನಮ್ಮನೇಲಿ ತುಪ್ಪಕ್ಕೇನ್ ಬರವಾ?"

ಆವತ್ತು ನಾನು ಬಾಗಿಲು ತಡೆದೆ. ಮಾದಸ್ವಾಮಿ ತುಂಟ. "ಮೊದ್ಲಾಗಿದ್ರೆ ನೀನ್ ಸುಮ್ಕೆ ನಿಂತ್ರೂ ಬಾಗ್ಲು ಮುಚ್ಚೋದು ಕಣಕ್ಕ, ಈಗ ಸಂದೀಲಿ ನುಗ್ಬುಡ್ತೀನಿ" ಅಂದ. ನಾನು ಎರಡೂ ತೋಳು ಚಾಚಿ ಅಡ್ಡ ನಿಂತೆ. ರವಿಕೆ ಎಲ್ಲೂ ಜಾರಲಿಲ್ಲ, ಎಲ್ಲೂ ಹಿಡಿಯಲಿಲ್ಲ. ಹುಟ್ಟದ ಮಗಳನ್ನು ಕೊಡುತ್ತೇನೆಂದು ಅವನ ಬಾಯಿಂದಲೂ ನಾಚಿ ತಲೆ ತಗ್ಗಿಸಿದ್ದ ಅವನ ಹೆಂಡತಿಯ ಬಾಯಿಂದಲೂ ಮಾತು ತೆಗೆದುಕೊಂಡೇ ಬಿಟ್ಟೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಊಟದ ಪಂಕ್ತಿಗೆ ಕರೆಯುವಾಗ ಅತ್ತೆ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು. ಅವ್ವ ಹೋಗಿ, "ಬನ್ನಿ ಅಕ್ಕಾ, ನಡೀರಿ ಎಲೆ ಮುಂದಕ್ಕೆ," ಎಂದು ತೋಳು ಹಿಡಿದಳು. ಹಿಡಿದವಳು ನಿಂತುಬಿಟ್ಟಳು. ಗಂಟು ಹಾಕುವ ಕುಪ್ಪಸ ಎದೆಗೆ ಬಿಗಿಯಾಗಿರುತ್ತದೆ, ತೋಳಿಗೆ ಗಂಟಿಲ್ಲ. ಅವ್ವನ ಕೈ ಕುಪ್ಪಸದ ತೋಳಿನ ಮೇಲೆ ಒಂದು ಸಲ, ಮತ್ತೊಂದು ಸಲ ಆಡಿತು.

"ಇದೇನಕ್ಕ, ನೀವೇ ಇಷ್ಟ್ ಸೊರಗ್ಬುಟ್ಟಿದ್ದೀರಿ!" ಅಂದಳು. "ಎಲ್ರಿಗೂ ಬಡಿಸ್ಬುಟ್ಟು ನೀವೇನ್ ಉಣ್ತೀರಿ? ಕೇಳೋರ್ ಯಾರೂ ಇಲ್ವಾ ನಿಮ್ಗೆ?"

ಅತ್ತೆ ಸೆರಗು ಎಳೆದು ತೋಳು ಮುಚ್ಚಿಕೊಂಡರು. "ನಮ್ಮವ್ವ ಓದ್ಮೇಲೆ ಯಾರೂ ಮುಟ್ ನೋಡಿರ್ನಿಲ್ಲ ಕಣ್ರಿ," ಎಂದು ಹೇಗೋ ಅಂದರು. ನನಗೂ ಅಳು ಬಂತು, ಅಡಗಿಸಲು ನೀರಿನ ಚೊಂಬು ಎತ್ತಿಕೊಂಡೆ.

ಅವ್ವ ಅವರನ್ನು ಎಲೆಯ ಮುಂದೆ ಕೂರಿಸಿ ತಾನೇ ಒಬ್ಬಟ್ಟು ಬಡಿಸಿದಳು, ಮೇಲೆ ತುಪ್ಪ ಹುಯ್ದಳು. ಇನ್ನೊಂದು ಹಾಕಲು ಬಗ್ಗಿದಾಗ ಅತ್ತೆ ಎಲೆಗೆ ಎರಡೂ ಕೈ ಅಡ್ಡ ಹಿಡಿದರು.

"ವೇಂಡಾ ವೇಂಡಾ," ಅಂದರು, ಮರೆತುಹೋಗಿದ್ದ ತಮಿಳಿನಲ್ಲಿ.

ಅವ್ವ ಕೇಳುವ ಜನವಲ್ಲ. ಕೈಗಳನ್ನು ಸರಿಸಿ ಇನ್ನೊಂದು ಒಬ್ಬಟ್ಟು ಹಾಕಿ ತುಪ್ಪ ಹುಯ್ದಳು. ಅತ್ತೆ ಕಣ್ಣು ಒರೆಸಿಕೊಳ್ಳುತ್ತಾ ಅದನ್ನು ಪೂರ್ತಿ ತಿಂದರು.